ಇಂಜಿನ್ ನಂಬರ್ ಓದಿದರೆ ಸಾಲದು, ಅದರಡಿಯ ಕಬ್ಬಿಣವನ್ನೂ ಓದಬೇಕು

ಮಾಟುಂಗದಲ್ಲಿರುವ ನನ್ನ ಸೋದರಮಾವನಿಗೆ ಹಳೇ ಫಿಯಟ್ ಅಂದರೆ ಪ್ರಾಣ. ಮುಂಬೈಗೆ ಬಂದ ಹೊಸತರಲ್ಲಿ ಅವರು ಮೊದಲು ಹತ್ತಿದ ಕಾರೇ ಕಪ್ಪು-ಹಳದಿ ಫಿಯಟ್ ಟ್ಯಾಕ್ಸಿ. ಕಳೆದ ಮಳೆಗಾಲ ಮುಗಿದ ಮೇಲೆ, 1968ರ ಫಿಯಟ್ 1100 ಡಿಲೈಟ್ ಒಂದು ಮಾರಾಟಕ್ಕಿದೆ ಅಂತ ಗೊತ್ತಾಯಿತು. "ಇಂಜಿನ್ ಒರಿಜಿನಲ್, ಬೇಕಾದರೆ ಆರ್‌ಸಿ ಜೊತೆ ಟ್ಯಾಲಿ ಮಾಡಿಕೊಳ್ಳಿ" ಅಂದರು ಮಾರುವವರು. ಮಾವ ನನ್ನನ್ನೂ, ಕುರ್ಲಾದಲ್ಲಿ ಗ್ಯಾರೇಜ್ ಇಟ್ಟಿರುವ ಕುಂದಾಪುರ ಕಡೆಯ ಮೇಸ್ತ್ರಿಯನ್ನೂ ಕರೆದುಕೊಂಡು ಹೋದರು.

ಟ್ಯಾಲಿ ಆಯಿತು. ಒಂದಂಕಿಯೂ ಆಚೀಚೆ ಇಲ್ಲ. ಮಾವ ಅಡ್ವಾನ್ಸ್ ಕೊಡಲು ಜೇಬಿಗೆ ಕೈ ಹಾಕಿಯೇ ಬಿಟ್ಟಿದ್ದರು. ಮೇಸ್ತ್ರಿ ಮಾತ್ರ ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಬ್ಲಾಕನ್ನು, ಅಂದರೆ ಇಂಜಿನ್ನಿನ ಎರಕದ ಒಡಲನ್ನು, ಒರೆಸುತ್ತಲೇ ಇದ್ದರು. ಆಮೇಲೆ ಟಾರ್ಚನ್ನು ಪಕ್ಕದಿಂದ, ಬೆಳಕು ಓರೆಯಾಗಿ ಬೀಳುವ ಹಾಗೆ ಹಿಡಿದು, "ಇಲ್ಲಿ ಕಾಣಿ ಮಾರಾಯ್ರೆ" ಅಂದರು.

ಅವರು ತೋರಿಸಿದ್ದು ಅರ್ಥ ಆಗಬೇಕಾದರೆ ಇಂಜಿನ್ ಮೇಲೆ ಎರಡು ಬಗೆಯ ನಂಬರ್ ಇರುತ್ತವೆ ಅನ್ನೋದು ಗೊತ್ತಿರಬೇಕು. ಒಂದು ಉಬ್ಬಿದ್ದು. ಸಂಕ್ರಾಂತಿಗೆ ಸಕ್ಕರೆ ಅಚ್ಚು ಮಾಡುವಾಗ ಮರದ ಅಚ್ಚಿನಲ್ಲಿ ತೋಡಿದ ಗಿಣಿ ಸಕ್ಕರೆಯ ಮೇಲೆ ಉಬ್ಬಿ ಬರುತ್ತದಲ್ವಾ, ಹಾಗೆ. ಕರಗಿದ ಕಬ್ಬಿಣವನ್ನು ಮರಳಿನ ಅಚ್ಚಿಗೆ ಸುರಿದಾಗಲೇ ಈ ಅಂಕಿ ಮೂಡುತ್ತದೆ. ಒಂದೇ ಅಚ್ಚಿನ ಮಾದರಿಯಿಂದ ಬಂದ ಸಾವಿರಾರು ಬ್ಲಾಕುಗಳ ಮೇಲೂ ಅದೇ ಅಂಕಿ. ಅದು ಭಾಗದ ಹೆಸರು, ಈ ಒಂದು ಇಂಜಿನ್ನಿನ ಹೆಸರಲ್ಲ. ಕೆಲವು ಕಂಪನಿಗಳು ಎರಕದ ತಾರೀಖನ್ನೂ ಹೀಗೇ ಮೂಡಿಸುತ್ತಿದ್ದವು. ಅದು ಕಾರು ತಯಾರಾದ ದಿನಕ್ಕಿಂತ ಈಚಿನದಾಗಿದ್ದರೆ ಅಲ್ಲಿಗೆ ವಿಷಯ ಮುಗಿಯಿತು. ಕಾರು ಹುಟ್ಟಿದ ಮೇಲೆ ಹುಟ್ಟಿದ ಬ್ಲಾಕು ಆ ಕಾರಿನದಾಗಲು ಸಾಧ್ಯವೇ ಇಲ್ಲ.

ಇನ್ನೊಂದು ತಗ್ಗಿದ ನಂಬರ್. ಬ್ಲಾಕಿನ ಮೇಲೆ ನಯ ಮಾಡಿದ ಒಂದು ಪುಟ್ಟ ಜಾಗದಲ್ಲಿ ಪಂಚ್ (ತುದಿಯಲ್ಲಿ ಅಂಕಿ ಇರುವ ಉಕ್ಕಿನ ಉಳಿ) ಇಟ್ಟು ಒತ್ತಿದ್ದು. ಆರ್‌ಸಿಯಲ್ಲಿ ಬರೆದಿರೋದು ಇದೇ. ಇಲ್ಲಿ ಜಾಸ್ತಿ ಜನ ತಪ್ಪು ತಿಳಿದಿರುತ್ತಾರೆ. ಇಂಜಿನ್ ನಂಬರ್ ಮತ್ತು ಚಾಸಿಸ್ ನಂಬರ್ ಒಂದೇ ಇರಬೇಕು ಅಂದುಕೊಳ್ಳುತ್ತಾರೆ. ಅಮೆರಿಕದ ಕಾರ್ವೆಟ್‌ನಂಥ ಕೆಲವು ಕಾರುಗಳಲ್ಲಿ ಚಾಸಿಸ್ ನಂಬರಿನ ಒಂದು ಭಾಗವನ್ನು ಇಂಜಿನ್ ಮೇಲೂ ಒತ್ತುತ್ತಿದ್ದರು. ಎಲ್ಲ ಕಂಪನಿಗಳೂ ಹಾಗೆ ಮಾಡುತ್ತಿರಲಿಲ್ಲ. ಎರಡೂ ಬೇರೆ ಬೇರೆ ಸಾಲಿನ ನಂಬರ್ ಆಗಿದ್ದರೆ, ಅವನ್ನು ಜೋಡಿಸುವುದು ಕಾರ್ಖಾನೆಯ ದಾಖಲೆ ಮತ್ತು ಆರ್‌ಸಿ ಮಾತ್ರ.

ಮುಂಬೈಯಲ್ಲಿ ಈ ಗೊಂದಲ ಜಾಸ್ತಿ ಆಗಲು ಕಾರಣ ಇದೆ. ಈ ಕಾರುಗಳು ತಯಾರಾಗಿದ್ದೇ ಕುರ್ಲಾದಲ್ಲಿ, ವಾಲ್‌ಚಂದ್ ಹೀರಾಚಂದ್ 1944ರಲ್ಲಿ ಶುರು ಮಾಡಿದ ಪ್ರೀಮಿಯರ್ ಆಟೊಮೊಬೈಲ್ಸ್‌ನಲ್ಲಿ. ಫಿಯಟ್ ಅನ್ನುವ ಹೆಸರು ಪದ್ಮಿನಿ ಆದ ಮೇಲೂ ಒಳಗಿನ ಸ್ವಭಾವ ಬದಲಾಗಲಿಲ್ಲ. ಕೊನೆಯ ಪದ್ಮಿನಿ ಟ್ಯಾಕ್ಸಿ ರಸ್ತೆ ಬಿಟ್ಟಿದ್ದು 2023ರ ಅಕ್ಟೋಬರ್‌ನಲ್ಲಿ, ಆದರೆ ಒಂದು ಕಾಲದಲ್ಲಿ ಊರ ತುಂಬ ಇವೇ ಓಡುತ್ತಿದ್ದವು. ಒಂದರ ಇಂಜಿನ್ ಕೈಕೊಟ್ಟರೆ ಗುಜರಿಯ ಇನ್ನೊಂದನ್ನು ಕೂರಿಸಿಕೊಳ್ಳೋದು ದಿನದ ಮಾತಾಗಿತ್ತು. ಹಾಗಾಗಿ ಅಳತೆಯಿಂದಲೂ ಗುಟ್ಟು ಹೊರಬೀಳುವುದಿಲ್ಲ. ಪದ್ಮಿನಿಯ ಪೆಟ್ರೋಲ್ ಇಂಜಿನ್ನಿನ ಬೋರ್, ಅಂದರೆ ಸಿಲಿಂಡರಿನ ಒಳ ಅಗಲ, 68 ಮಿ.ಮೀ., ಪಿಸ್ಟನ್ ಓಡುವ ದೂರ 75 ಮಿ.ಮೀ. ನಾಲ್ಕು ಸಿಲಿಂಡರಿಗೆ ಲೆಕ್ಕ ಹಾಕಿದರೆ 1089 ಸಿಸಿ. ಸವೆದ ಸಿಲಿಂಡರನ್ನು ಒಂದು ಮಿ.ಮೀ. ದೊಡ್ಡದಾಗಿ ಬೋರ್ ಮಾಡಿಸಿದರೆ ಅದೇ ಇಂಜಿನ್ ಸುಮಾರು 1122 ಸಿಸಿ ಆಗುತ್ತದೆ. ಅಂದರೆ ಅಸಲಿ ಇಂಜಿನ್ನಿನ ಅಳತೆ ಬೇರೆ ಇರಬಹುದು, ಬದಲಿ ಇಂಜಿನ್ನಿನ ಅಳತೆ ಸರಿಯಾಗಿಯೇ ಇರಬಹುದು.

ಈಗ ಮೇಸ್ತ್ರಿಯ ಟಾರ್ಚ್ ಬೆಳಕಿಗೆ ಬರೋಣ. ಕಾರ್ಖಾನೆಯ ಯಂತ್ರ ಆ ಜಾಗವನ್ನು ನಯ ಮಾಡುವಾಗ ಬಾಚಣಿಗೆ ಎಳೆದಂಥ ಒಂದೇ ಸಮನಾದ ಗೆರೆಗಳು ಉಳಿಯುತ್ತವೆ. ಅಂಕಿ ಒತ್ತುವುದು ಆಮೇಲೆ. ಹಾಗಾಗಿ ಅಂಕಿ ಆ ಗೆರೆಗಳನ್ನು ಕಡಿದುಕೊಂಡು ಕೂತಿರಬೇಕು. ನಾವು ನೋಡಿದ್ದು ಬಿಲ್ಲಿನಂತೆ ಬಾಗಿದ ಗೀರುಗಳು, ಕೈ ಗ್ರೈಂಡರ್ ಎಳೆದ ಗುರುತು. ಸುತ್ತಲಿನ ಕಬ್ಬಿಣಕ್ಕೆ ಐವತ್ತು ವರ್ಷದ ಕಪ್ಪು ಹಿಡಿದಿತ್ತು. ಈ ಎರಡು ಬೆರಳಗಲ ಜಾಗ ಮಾತ್ರ ಬೆಳ್ಳಗೆ, ನಡುವಿನಲ್ಲಿ ಸ್ವಲ್ಪ ತಗ್ಗಾಗಿತ್ತು. ಒಂದು 7 ಎಡಕ್ಕೆ ವಾಲಿತ್ತು. ವಾಲಿದ ಅಂಕಿಯೊಂದೇ ಸಾಕ್ಷಿ ಆಗದು, ಕಾರ್ಖಾನೆಯಲ್ಲೂ ಕೈಯಲ್ಲೇ ಪಂಚ್ ಹೊಡೆದದ್ದುಂಟು. ಆದರೆ ಉಜ್ಜಿದ ಜಾಗದ ಮೇಲೆ ಹೊಸದಾಗಿ ಕೂತ ಅಂಕಿಗೆ ಹೆಚ್ಚಾಗಿ ಒಂದೇ ಅರ್ಥ: ಬೇರೆ ಇಂಜಿನ್ನಿನ ನಂಬರ್ ಅಳಿಸಿ, ಆರ್‌ಸಿಯಲ್ಲಿರುವ ನಂಬರ್ ಒತ್ತಿದ್ದಾರೆ.

ಉಜ್ಜಿದರೆ ಹಳೇ ನಂಬರ್ ಹೋಯಿತೇ? ತುಂಬ ಆಳಕ್ಕೆ ಉಜ್ಜದಿದ್ದರೆ ಪೂರ್ತಿ ಹೋಗುವುದಿಲ್ಲ. ನನಗೆ ತುಂಬ ಇಷ್ಟವಾದ ವಿಷಯ ಇದು. ಲೋಹ ಅಂದರೆ ಲೆಕ್ಕವಿಲ್ಲದಷ್ಟು ಸಣ್ಣ ಹರಳುಗಳ ರಾಶಿ. ಪಂಚಿನ ಏಟು ಬಿದ್ದಾಗ ಅಂಕಿಯ ಗುಳಿ ಮಾತ್ರ ಅಲ್ಲ, ಅದರ ಕೆಳಗಿನ ಹರಳುಗಳೂ ನಜ್ಜುಗುಜ್ಜಾಗುತ್ತವೆ. ಕಣ್ಣಿಗೆ ಕಾಣುವ ಅಂಕಿಯನ್ನು ಉಜ್ಜಿ ತೆಗೆದರೂ ಕೆಳಗಿನ ಪೆಟ್ಟು ಹಾಗೇ ಉಳಿದಿರುತ್ತದೆ. ಪೆಟ್ಟು ತಿಂದ ಲೋಹಕ್ಕೂ ತಿನ್ನದ ಲೋಹಕ್ಕೂ ಆಮ್ಲದ ಜೊತೆ ವರ್ತನೆ ಬೇರೆ. ತಾಮ್ರದ ಕ್ಲೋರೈಡ್ ಬೆರೆಸಿದ ಹೈಡ್ರೋಕ್ಲೋರಿಕ್ ಆಮ್ಲದ ದ್ರಾವಣ ಸವರಿದರೆ ಅಳಿಸಿದ ಅಂಕಿ ನೆರಳಿನಂತೆ ಮತ್ತೆ ಮೂಡುತ್ತದೆ. ಕಳವಿನ ವಾಹನಗಳ ಗುರುತು ಹಿಡಿಯಲು ಫೊರೆನ್ಸಿಕ್ ಲ್ಯಾಬ್‌ಗಳು ನಂಬುವ ಉಪಾಯ ಇದು. ಚಾಸಿಸ್‌ನ ಉಕ್ಕಿನಲ್ಲಿ ಅಂಕಿ ಚೆನ್ನಾಗಿ ಮೂಡುತ್ತದೆ. ಬ್ಲಾಕಿನ ಎರಕದ ಕಬ್ಬಿಣದಲ್ಲಿ ಗ್ರಾಫೈಟ್ ಚೂರುಗಳು ತುಂಬಿರುವುದರಿಂದ ಅದು ಉಕ್ಕಿನಷ್ಟು ಬಾಗಿ ಬಳುಕುವುದಿಲ್ಲ, ಹಾಗಾಗಿ ಅಲ್ಲಿ ಕೆಲಸ ಕಷ್ಟ. ಮನೆಯಲ್ಲಿ ಮಾತ್ರ ಇದಕ್ಕೆ ಕೈ ಹಾಕಬೇಡಿ. ಆಮ್ಲ ಕೈ ಸುಡುತ್ತದೆ, ಇರುವ ಸಾಕ್ಷಿಯೂ ಹಾಳಾಗುತ್ತದೆ.

ಮಾವನಿಗೆ ಒರಿಜಿನಲ್ ಇಂಜಿನ್ ಬೇಕಾಗಿದ್ದು ಸುಮ್ನೆ ಹಟಕ್ಕಲ್ಲ. 2021ರಲ್ಲಿ ಬಂದ ನಿಯಮದ ಪ್ರಕಾರ, ಐವತ್ತು ವರ್ಷ ದಾಟಿ ಮೂಲ ರೂಪದಲ್ಲೇ ಉಳಿದ ಗಾಡಿಗೆ 'ವಿಎ' ಅಕ್ಷರಗಳಿರುವ ವಿಂಟೇಜ್ ನಂಬರ್ ಸಿಗುತ್ತದೆ. ಚಾಸಿಸ್, ಬಾಡಿ, ಇಂಜಿನ್ ಮಾರ್ಪಾಡಾಗಿದ್ದರೆ ಸಿಗುವುದಿಲ್ಲ.

ಆ ಕಾರನ್ನು ಅಲ್ಲೇ ಬಿಟ್ಟು ಬಂದೆವು. ಎರಡು ತಿಂಗಳ ನಂತರ ಮಾವ ಬೇರೊಂದು ಫಿಯಟ್ ಕೊಂಡರು. ಅದರ ಇಂಜಿನ್ನೂ ಬದಲಿಯೇ. ಆದರೆ ಇಲ್ಲಿ ಮುಚ್ಚುಮರೆ ಇಲ್ಲ. ಹಳೇ ಆರ್‌ಸಿ ಪುಸ್ತಕದಲ್ಲಿ ಮೊದಲಿನ ನಂಬರಿಗೆ ಗೆರೆ ಎಳೆದು, ಪಕ್ಕದಲ್ಲಿ ಹೊಸದನ್ನು ಬರೆದು, ಆರ್‌ಟಿಒ ಮೊಹರು ಒತ್ತಿದ್ದಾರೆ. ಬ್ಲಾಕಿನ ಮೇಲೆ ಬಾಚಣಿಗೆ ಗೆರೆಗಳು ಹಾಗೇ ಇವೆ. ಮೇಸ್ತ್ರಿ ಅದರ ಮೇಲೆ ಹೆಬ್ಬೆರಳು ಆಡಿಸಿ, "ಇದನ್ನು ಯಾರೂ ಮುಟ್ಟಲಿಲ್ಲ" ಅಂದರು. ಮಾವ ಆ ಸಂಜೆಯೇ ಅಡ್ವಾನ್ಸ್ ಕೊಟ್ಟರು.