ಹಿಮ್ಮೇಳದ ರೆಕಾರ್ಡಿಂಗ್: ಮೈಕಿನ ಮುಖ ಎತ್ತ, ಬೆನ್ನು ಎತ್ತ?

ಯಕ್ಷಗಾನದ ಆಟದ ಮೇಳಗಳ ತಿರುಗಾಟ ಮುಗಿದ ಮೇಲೆ ನಮ್ಮ ಶಿರಸಿ ಕಡೆ ತಾಳಮದ್ದಳೆ ಜೋರು. ವೇಷ, ಕುಣಿತ ಇಲ್ಲದೆ, ಕೂತು ಪದ್ಯ ಮತ್ತು ಮಾತಿನಲ್ಲೇ ನಡೆಸುವ ಯಕ್ಷಗಾನ ಅದು. ಹೋದ ಮಳೆಗಾಲ ಊರಿನ ದೇವಸ್ಥಾನದ ಸಭಾಭವನದಲ್ಲಿ ಒಂದು ತಾಳಮದ್ದಳೆ ರೆಕಾರ್ಡ್ ಮಾಡಿದೆ. ನನ್ನ ಹತ್ತಿರ ಆರು ಮೈಕು ಇದ್ದವು, ಆರನ್ನೂ ಇಟ್ಟೆ. ಮನೆಗೆ ಬಂದು ಕೇಳಿದರೆ ಆರು ಟ್ರ್ಯಾಕಿನಲ್ಲೂ ಚೆಂಡೆ! ಹಾಡುವ ಭಾಗವತರ ಟ್ರ್ಯಾಕಿನಲ್ಲಂತೂ ಪದ್ಯ ಹಿಂದೆ, ಚೆಂಡೆ ಮುಂದೆ. ಆಮೇಲೆ ಕೂತು ಕಲಿತದ್ದನ್ನು, ನನ್ನ ಹಾಗೆ ಕಲಿಯುತ್ತಿರುವವರಿಗಾಗಿ ಬರೆದಿಡುತ್ತಿದ್ದೇನೆ.

ಮೊದಲು ನನಗೆ ಹೊಳೆಯದೇ ಇದ್ದ ವಿಷಯ. ಮೈಕು ಯಾರ ಕಡೆ ನೋಡುತ್ತಿದೆ ಅನ್ನುವುದನ್ನಷ್ಟೇ ನಾನು ನೋಡುತ್ತಿದ್ದೆ. ಭಾಗವತರು, ಮದ್ದಳೆ, ಚೆಂಡೆ ಸೇರಿದ ಹಿಮ್ಮೇಳದಲ್ಲಿ ಅದಕ್ಕಿಂತ ಮುಖ್ಯ, ಮೈಕು ಯಾರಿಗೆ ಬೆನ್ನು ಹಾಕಿದೆ ಅನ್ನುವುದು. ನಾವು ಸಾಮಾನ್ಯವಾಗಿ ಬಳಸುವ ಹಾಡಿನ ಮೈಕುಗಳು ಕಾರ್ಡಿಯಾಯ್ಡ್ ಜಾತಿಯವು. ಶೂರ್ ಎಸ್‌ಎಂ58 ಕೂಡ ಅದೇ. ಎದುರಿನಿಂದ ಚೆನ್ನಾಗಿ ಕೇಳಿಸಿಕೊಳ್ಳುತ್ತವೆ, ನೇರ ಬೆನ್ನ ಹಿಂದಿನದ್ದಕ್ಕೆ ಹೆಚ್ಚುಕಡಿಮೆ ಕಿವುಡು. ಪಕ್ಕದಲ್ಲಿ ಮಾತ್ರ ಅಷ್ಟು ಕಿವುಡಲ್ಲ. 90 ಡಿಗ್ರಿಯಿಂದ ಬರುವ ಸದ್ದು ಬರೀ 6 ಡೆಸಿಬೆಲ್ ಕಡಿಮೆಯಾಗುತ್ತದೆ, ಅಷ್ಟೇ.

ನನ್ನ ತಪ್ಪು ಇದ್ದದ್ದು ಇಲ್ಲೇ. ಒಂದು ಗಡಿಯಾರ ಕಲ್ಪಿಸಿಕೊಳ್ಳಿ. ನಡುವೆ ಭಾಗವತರು, 12ರ ಕಡೆ ಮುಖ ಮಾಡಿ ಕೂತಿದ್ದಾರೆ. ಚೆಂಡೆ 9ರಲ್ಲಿದೆ. ನಾನು ಮೈಕನ್ನು ಎಲ್ಲರ ಹಾಗೆ 12ರಲ್ಲಿ, ನೇರ ಬಾಯಿಯ ಎದುರು ಇಟ್ಟಿದ್ದೆ. ಅಂದರೆ ಚೆಂಡೆ ಮೈಕಿನ ಪಕ್ಕಕ್ಕೆ ಬಂತು, 90 ಡಿಗ್ರಿಗೆ. ಅದೇ ಮೈಕನ್ನು ಹತ್ತೂವರೆಗೆ ತಂದು ಬಾಯಿಯ ಕಡೆ ತಿರುಗಿಸಿದರೆ, ಚೆಂಡೆ ಸುಮಾರು 135 ಡಿಗ್ರಿಗೆ, ಬೆನ್ನಿನ ಕಡೆಗೆ ಹೋಗುತ್ತದೆ. ಲೆಕ್ಕದ ಪ್ರಕಾರ ಆಗ 17 ಡೆಸಿಬೆಲ್ಲಿನಷ್ಟು ಕಡಿತ. ಸ್ಟ್ಯಾಂಡನ್ನು ಒಂದು ಗೇಣು ಸರಿಸಿದ್ದಕ್ಕೆ ಇಷ್ಟು ಲಾಭ! ಸೂಪರ್‌ಕಾರ್ಡಿಯಾಯ್ಡ್ ಮೈಕಾದರೆ ಅದರ ಕಿವುಡು ಜಾಗ ನೇರ ಹಿಂದೆ ಇರುವುದಿಲ್ಲ, ಸುಮಾರು 126 ಡಿಗ್ರಿಯಲ್ಲಿ ಇರುತ್ತದೆ. ಹಾಗಾಗಿ ಅದಕ್ಕೆ ಇನ್ನೂ ಕಡಿಮೆ ತಿರುಗಿಸಿದರೂ ಸಾಕು. ನಿಮ್ಮ ಮೈಕು ಯಾವ ಜಾತಿಯದು ಅಂತ ಡಬ್ಬಿಯೊಳಗಿನ ಚೀಟಿಯಲ್ಲಿ ಒಮ್ಮೆ ನೋಡಿಕೊಳ್ಳಿ.

ಇನ್ನು ದೂರ. ತೆರೆದ ಜಾಗದಲ್ಲಿ ದೂರ ಎರಡರಷ್ಟಾದರೆ ಸದ್ದು 6 ಡೆಸಿಬೆಲ್ ಇಳಿಯುತ್ತದೆ, ಹತ್ತರಷ್ಟಾದರೆ 20. ಭಾಗವತರ ಬಾಯಿ ಮೈಕಿಗೆ 15 ಸೆಂಟಿಮೀಟರ್, ಚೆಂಡೆ ಒಂದೂವರೆ ಮೀಟರ್ ಇದೆ ಅಂದುಕೊಳ್ಳಿ. ದೂರದಿಂದಲೇ ಸ್ವರಕ್ಕೆ 20 ಡೆಸಿಬೆಲ್ ಅನುಕೂಲ. ಆದರೆ ಚೆಂಡೆ ಸ್ವರಕ್ಕಿಂತ 20 ಡೆಸಿಬೆಲ್ ಜೋರಾಗಿದ್ದರೆ? ಮೈಕಿನೊಳಗೆ ಎರಡೂ ಸಮ ಸಮ. ಅದಕ್ಕೇ ಬೆನ್ನಿನ 17 ಡೆಸಿಬೆಲ್ ಬೇಕಾಗುವುದು. ಮೈಕನ್ನು 30 ಸೆಂಟಿಮೀಟರಿಗೆ ಒಯ್ದರೆ 6 ಡೆಸಿಬೆಲ್ ಕೈಬಿಟ್ಟಿತು. ತೀರಾ ಬಾಯಿಗೆ ತಾಗಿಸಿದರೂ ಕಷ್ಟ: ಕಾರ್ಡಿಯಾಯ್ಡ್ ಮೈಕು ಹತ್ತಿರ ಬಂದಷ್ಟೂ ಸ್ವರದ ದಪ್ಪ ಜಾಸ್ತಿ ಮಾಡುತ್ತದೆ, 'ಪ', 'ಬ' ಅಕ್ಷರಗಳು ಗುದ್ದುತ್ತವೆ. ಭಾಗವತರೇ ಹೇಳಿದರು, "ತಮಾ, ರಾಶಿ ಹತ್ರ ಆತು." ಈಗ ಬಾಯಿಗಿಂತ ತುಸು ಕೆಳಗಿನಿಂದ ಮೇಲ್ಮುಖವಾಗಿ ಇಡುತ್ತೇನೆ. ಉಸಿರು ಮೈಕಿಗೆ ತಾಗದೆ ಮೇಲ್ಗಡೆಯಿಂದ ಹಾದುಹೋಗುತ್ತದೆ, ಕೈಯಲ್ಲಿರುವ ತಾಳವೂ ಮೈಕಿನ ಹಿಂಭಾಗಕ್ಕೆ ಬೀಳುತ್ತದೆ.

ಒಂದು ಎಚ್ಚರಿಕೆ. ಭಾಗವತರ ಬೆನ್ನ ಹಿಂದೆ ಸಿಮೆಂಟಿನ ಗೋಡೆ ಇದ್ದರೆ ಚೆಂಡೆ ಸದ್ದು ಅಲ್ಲಿಗೆ ಬಡಿದು ಸೀದಾ ಮೈಕಿನ ಮುಖಕ್ಕೇ ಬರುತ್ತದೆ. ಆಗ ಬೆನ್ನಿನ ಲೆಕ್ಕವೆಲ್ಲ ನೀರಿಗೆ ಹೋಯಿತು. ಎರಡು ದಪ್ಪ ಕಂಬಳಿ ನೇತುಹಾಕಿ. ನೋಡಲು ಚಂದ ಇರುವುದಿಲ್ಲ, ಯಾರಾದರೂ ಬೈಯುತ್ತಾರೆ, ಬೈಯಲಿ.

ಪುಸ್ತಕಗಳಲ್ಲಿ ಬರುವ ಮೂರಕ್ಕೊಂದರ ನಿಯಮ ಈಗ. ಬಾಯಿಯಿಂದ ಮೈಕಿಗೆ 15 ಸೆಂಟಿಮೀಟರ್ ಇದ್ದರೆ, ಪಕ್ಕದ ಮೈಕು ಆ ಮೈಕಿನಿಂದ ಕಡಿಮೆಯೆಂದರೂ 45 ಸೆಂಟಿಮೀಟರ್ ದೂರ ಇರಬೇಕು. ಯಾಕೆ? ಒಂದೇ ತಾಳದ ಸದ್ದು ಎರಡು ಮೈಕಿಗೆ 34 ಸೆಂಟಿಮೀಟರ್ ವ್ಯತ್ಯಾಸದಲ್ಲಿ ತಲುಪಿತು ಅನ್ನಿ. ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ, ಹಾಗಾಗಿ ಎರಡನೆಯದು 1 ಮಿಲಿಸೆಕೆಂಡ್ ತಡ. ಎರಡನ್ನೂ ಸೇರಿಸಿದಾಗ 500, 1500, 2500 ಹರ್ಟ್ಸ್ ಹೀಗೆ ಅಲ್ಲಲ್ಲಿ ಸ್ವರ ಒಂದನ್ನೊಂದು ತಿಂದುಹಾಕುತ್ತದೆ. ತಾಳ ಡಬ್ಬಿಯೊಳಗೆ ಬಾರಿಸಿದ ಹಾಗೆ ಕೇಳುತ್ತದೆ. ದೂರ ಮೂರು ಪಟ್ಟು ಇದ್ದರೆ ಎರಡನೆಯ ಮೈಕಿನಲ್ಲಿ ಅದು 9.5 ಡೆಸಿಬೆಲ್ಲಿನಷ್ಟು ಸಣ್ಣದಾಗಿ, ತಿನ್ನುವ ಶಕ್ತಿ ಕಳೆದುಕೊಳ್ಳುತ್ತದೆ. ಆದರೆ ಈ ನಿಯಮ ಎಲ್ಲ ವಾದ್ಯವೂ ಸಮ ಜೋರು ಅಂದುಕೊಂಡು ಮಾಡಿದ್ದು. ಚೆಂಡೆ ಅದನ್ನೆಲ್ಲ ಕೇಳುವುದಿಲ್ಲ.

ಮದ್ದಳೆಗೆ ಒಂದೇ ಮೈಕಿದ್ದರೆ ಬಲ ಮುಚ್ಚಿಗೆಯ (ಬಾರಿಸುವ ಚರ್ಮದ ಮುಖದ) ಕಡೆ ಒಂದಡಿ ದೂರದಲ್ಲಿ, ಕೈಗೆ ಅಡ್ಡ ಬಾರದಂತೆ. ಎರಡು ಮುಚ್ಚಿಗೆಗೂ ಒಂದೊಂದು ಇಟ್ಟರೆ, ಎರಡನ್ನೂ ಮೋನೋದಲ್ಲಿ, ಅಂದರೆ ಒಂದೇ ಟ್ರ್ಯಾಕಾಗಿ, ಸೇರಿಸಿ ಕೇಳಿ. ಒಂದರ ಪೊಲಾರಿಟಿ ತಿರುಗಿಸಿ (ಸದ್ದಿನ ಅಲೆಯನ್ನು ತಲೆಕೆಳಗು ಮಾಡಿ) ಮತ್ತೆ ಕೇಳಿ. ಎಡದ ದಪ್ಪ ನಾದ ಯಾವುದರಲ್ಲಿ ಉಳಿಯಿತೋ ಅದನ್ನೇ ಇಟ್ಟುಕೊಳ್ಳಿ.

ಚೆಂಡೆಗೆ? ಈಗ ನಾನು ಮೈಕೇ ಇಡುವುದಿಲ್ಲ. ಹಿಮ್ಮೇಳದ ಎದುರು ಎರಡು ಮೀಟರ್ ಎತ್ತರದಲ್ಲಿ ಒಂದು ಜೋಡಿ ಕಂಡೆನ್ಸರ್ ಮೈಕು. 17 ಸೆಂಟಿಮೀಟರ್ ಅಂತರ, ನಡುವೆ 110 ಡಿಗ್ರಿ. ಓಆರ್‌ಟಿಎಫ್ ಅಂತಾರಲ್ಲ, ಅದೇ. ಚೆಂಡೆ ಅದರಲ್ಲಿ ಬೇಕಾದಷ್ಟು ಬರುತ್ತದೆ, ಸಭೆಯ ಗಾಳಿಯೂ ಬರುತ್ತದೆ. ತಗಡಿನ ಮಾಡಿನ ಮೇಲೆ ಮಳೆ ಹೊಯ್ದರೆ ಮಾತ್ರ ಈ ಜೋಡಿಯನ್ನು ತಗ್ಗಿಸಲೇಬೇಕು, ಬೇರೆ ದಾರಿ ಇಲ್ಲ. ಕಂಡೆನ್ಸರಿಗೆ ತೇವ ಒಗ್ಗುವುದೂ ಇಲ್ಲ, ಚಟಪಟ ಅನ್ನುತ್ತದೆ. ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ, ಕಾರವಾರ, ಕುಮಟಾ ಕಡೆಯವರು ಎರಡು ಹಾಕಿ.

ಪರೀಕ್ಷೆ ಮಾಡುವಾಗ "ಹಲೋ ಹಲೋ" ಸಾಲದು. ಏರುಪದ್ಯ ಹೇಳಿಸಿ, ಚೆಂಡೆ ಪೂರ್ತಿ ಬಾರಿಸಿ, ರೆಕಾರ್ಡರಿನ ಮೀಟರು ಮೈನಸ್ 12 ಡೆಸಿಬೆಲ್ಲಿನ ಹತ್ತಿರ ನಿಲ್ಲುವಂತೆ ಗೇನ್ (ಮೈಕಿನ ಸದ್ದು ಏರಿಸಿ ಇಳಿಸುವ ಗುಂಡಿ) ಹಿಡಿಯಿರಿ. ಹಾರ್ಮೋನಿಯಂನ ಕಪ್ಪು ಮೂರರ ಶ್ರುತಿಯಲ್ಲಿ ಹಾಡುವವರು ರಂಗೇರಿದ ಮೇಲೆ ಎಷ್ಟು ಜೋರಾಗುತ್ತಾರೆ ಅಂತ ಮೊದಲು ಗೊತ್ತಾಗುವುದಿಲ್ಲ.

ಎರಡನೇ ಸಲ ಇದನ್ನೆಲ್ಲ ಮಾಡಿ, ನಾಲ್ಕೇ ಮೈಕಿನಲ್ಲಿ ಮುಗಿಸಿದೆ. ಭಾಗವತರ ಕಿವಿಗೆ ಹೆಡ್‌ಫೋನ್ ಹಾಕಿದೆ. ಒಂದು ಪದ್ಯ ಪೂರ್ತಿ ಕೇಳಿದರು. "ಸ್ವರ ಚೊಲೋ ಬೈಂದು," ಅಂದರು. ಆಮೇಲೆ, "ಚೆಂಡೆ ಎಲ್ಲಿ ಹೋತು ತಮಾ?"

ಎದುರಿನ ಜೋಡಿಯನ್ನು 3 ಡೆಸಿಬೆಲ್ ಏರಿಸಿದೆ.