ವಾಚಿನ ಬೆನ್ನ ಮೇಲಿನ 30 ಮೀಟರ್: ಕೊಳ್ಳುವ ಮುಂಚೆ ಬರೆದುಕೊಂಡ ಟಿಪ್ಪಣಿ

ನನಗೆ ಬೇಕಿದ್ದದ್ದು ಇಷ್ಟೇ: ಐದು ಸಾವಿರದೊಳಗೆ ದುಂಡನೆಯ, ತೆಳ್ಳಗಿನ, ಚರ್ಮದ ಬೆಲ್ಟಿನ ವಾಚು. ದಿನಾ ಕಟ್ಟಿಕೊಳ್ಳಬೇಕು, ವರ್ಷಗಟ್ಟಲೆ ಬರಬೇಕು. ಇದಕ್ಕಾಗಿ ಎರಡು ವಾರ ಓದಿದೆ. ತಲೆಯಿಂದ ಜಾರುವ ಮೊದಲು ಬರೆದಿಡುತ್ತಿದ್ದೇನೆ.

ಕೀ ಕೊಡುವುದೋ, ಸೆಲ್ಲಿನದೋ

ಕ್ಲಾಸಿಕ್ ಅಂದ ತಕ್ಷಣ ನಮ್ಮ ಕಡೆಯವರಿಗೆ ನೆನಪಾಗುವುದು ಎಚ್‌ಎಂಟಿ ಜನತಾ. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಕಾರ್ಖಾನೆಯ ಕೂಸು ಅದು. ಒಳಗೆ 17 ಜ್ಯುವೆಲ್ (ಚಕ್ರಗಳ ಸವೆತ ತಡೆಯುವ ಪುಟ್ಟ ಹರಳುಗಳು), ಗಂಟೆಗೆ 18,000 ಬಡಿತ, ಅಂದರೆ ಸೆಕೆಂಡಿಗೆ 5. ಕಿವಿಗೆ ಹಿಡಿದರೆ ಆ ಸದ್ದೇ ಒಂದು ಸುಖ.

ಆದರೆ ಅಂಕಿ ಓದುವಾಗ ಒಂದು ಎಚ್ಚರ ಬೇಕು. ಕಡಿಮೆ ಬೆಲೆಯ ಕೀ ವಾಚು, ಕೈಯಾಡಿದಂತೆ ತಾನೇ ಕೀ ತುಂಬಿಕೊಳ್ಳುವ ಆಟೊಮ್ಯಾಟಿಕ್‌ಗಳಲ್ಲಿ ತಪ್ಪನ್ನು ದಿನಕ್ಕೆ ಇಷ್ಟು ಸೆಕೆಂಡ್ ಎಂದು ಹೇಳುತ್ತಾರೆ, ಸೆಲ್ಲಿನಿಂದ ನಡೆಯುವ ಕ್ವಾರ್ಟ್ಜ್‌ನಲ್ಲಿ ತಿಂಗಳಿಗೆ ಇಷ್ಟು ಎಂದು. ಎರಡರಲ್ಲೂ 20 ಅಂತಿದ್ದರೆ ಒಂದೇ ಅಲ್ಲ, ಮೂವತ್ತು ಪಟ್ಟು ವ್ಯತ್ಯಾಸ. ಕ್ವಾರ್ಟ್ಜ್ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಆ ಸಂಖ್ಯೆಯನ್ನು ಹದಿನೈದು ಸಲ ಅರ್ಧ ಮಾಡುತ್ತ ಹೋದರೆ ಸರಿಯಾಗಿ 1 ಉಳಿಯುತ್ತದೆ, ಆ ಒಂದು ಮಿಡಿತಕ್ಕೆ ಸೆಕೆಂಡಿನ ಮುಳ್ಳು ಒಂದು ಹೆಜ್ಜೆ ಇಡುತ್ತದೆ. ಭರವಸೆಯೇ ಮುಖ್ಯವಾದರೆ ಸೆಲ್ಲಿನ ವಾಚೇ ಸರಿ.

ಹಳೇ ಜನತಾ ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುತ್ತದಲ್ಲ ಎಂದು ನಾನೂ ಯೋಚಿಸಿದ್ದೆ. ಎಚ್‌ಎಂಟಿಯ ವಾಚು ಕಂಪನಿಯನ್ನು ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ತೀರ್ಮಾನಿಸಿತು. ಹೀಗಿರುವಾಗ ನೀಲಿ, ಹಸಿರು, ಕೆಂಪು ಡಯಲಿನಲ್ಲಿ ಫಳಫಳ ಹೊಳೆಯುವ "ಜನತಾ" ಕಂಡರೆ ಹುಷಾರು: ಡಯಲಿಗೆ ಹೊಸದಾಗಿ ಬಣ್ಣ ಬಳಿದು, ನಾಲ್ಕು ವಾಚಿನ ಭಾಗ ಕೂಡಿಸಿದವು ಬಹಳ ಇವೆ. ಮೊದಲ ವಾಚಾಗಿ ಬೇಡ.

30 ಮೀಟರ್ (ನಾನು ಸಿಕ್ಕಿಬಿದ್ದ ಜಾಗ)

ವಾಚು ಎಷ್ಟು ನೀರಿನ ಒತ್ತಡ ತಡೆಯುತ್ತದೆ ಎನ್ನಲು ಬೆನ್ನ ಮೇಲೆ 30 ಮೀಟರ್, 3 ಬಾರ್, 3 ಎಟಿಎಂ ಎಂದು ಏನೇ ಬರೆದಿದ್ದರೂ ಮಾತು ಒಂದೇ. ಹತ್ತು ಮೀಟರ್ ನೀರಿನ ಭಾರ ಸುಮಾರು 1 ಬಾರ್ ಒತ್ತಡ. ಹಾಗಾದರೆ 30 ಮೀಟರ್ ವಾಚು ಕಟ್ಟಿಕೊಂಡು ಎರಡು ಮೀಟರ್ ಆಳದ ಈಜುಕೊಳಕ್ಕೆ ಇಳಿಯಬಾರದು ಅಂತಾರಲ್ಲ, ಯಾಕೆ?

ಎಲ್ಲ ಕಡೆ ಸಿಕ್ಕ ಉತ್ತರ: "ಕೈ ಬೀಸಿದಾಗ ಒತ್ತಡ ವಿಪರೀತ ಏರುತ್ತದೆ." ಮೂರು ದಿನ ಇದನ್ನೇ ನಂಬಿದ್ದೆ. ಆಮೇಲೆ ಪಿಯುಸಿಯ ಸೂತ್ರ ಹಾಕಿ ನೋಡಿದೆ. ಚಲನೆಯಿಂದ ಬರುವ ಒತ್ತಡ = ಅರ್ಧ × ಸಾಂದ್ರತೆ × ವೇಗದ ವರ್ಗ. ನೀರಿನ ಸಾಂದ್ರತೆ ಘನ ಮೀಟರಿಗೆ 1,000 ಕಿಲೋ. ಕೈಯ ವೇಗ ಸೆಕೆಂಡಿಗೆ 5 ಮೀಟರ್ ಎಂದು ಧಾರಾಳವಾಗಿಯೇ ಇಟ್ಟುಕೊಳ್ಳೋಣ. ಅರ್ಧ × 1,000 × 25 = 12,500 ಪಾಸ್ಕಲ್. 1 ಬಾರ್ ಅಂದರೆ 1,00,000 ಪಾಸ್ಕಲ್. ಅಂದರೆ ಬಂದದ್ದು 0.125 ಬಾರ್, ಒಂದೂಕಾಲು ಮೀಟರ್ ಹೆಚ್ಚು ಆಳಕ್ಕೆ ಇಳಿದಷ್ಟು. ವೇಗ ದುಪ್ಪಟ್ಟು ಮಾಡಿದರೂ ಅರ್ಧ ಬಾರ್. 3 ಬಾರ್‌ನ ಹತ್ತಿರಕ್ಕೂ ಬರಲಿಲ್ಲ! ಲೆಕ್ಕ ತಪ್ಪಿರಬೇಕು ಎಂದು ಮೂರು ಸಲ ಮಾಡಿದೆ. ತಪ್ಪಿಲ್ಲ.

ಹಾಗಾದರೆ ಕಾರಣ ಬೇರೆಯೇ. ಆ 30 ಅನ್ನುವುದು ಹೊಸ ವಾಚು, ನಿಶ್ಚಲ ಒತ್ತಡ, ಹದವಾದ ತಾಪಮಾನದ ಮಾತು. ನೀರನ್ನು ತಡೆಯುವುದು ಹಿಂದಿನ ಮುಚ್ಚಳದ ಸುತ್ತ, ಕ್ರೌನಿನ (ಸಮಯ ಸರಿಮಾಡುವ ಪಕ್ಕದ ತಿರುಪು) ಬುಡದಲ್ಲಿ ಇರುವ ತೆಳ್ಳನೆಯ ರಬ್ಬರ್ ಉಂಗುರಗಳು, ಅಂದರೆ ಗ್ಯಾಸ್ಕೆಟ್‌ಗಳು. ಅವು ವಯಸ್ಸಾದಂತೆ ಗಡುಸಾಗುತ್ತವೆ. ಬಿಸಿನೀರು, ಸೋಪು, ಬೆವರು ಅದನ್ನು ಬೇಗ ಮಾಡಿಸುತ್ತವೆ. ಸಮಯ ಸರಿಮಾಡಿ ಕ್ರೌನನ್ನು ಪೂರ್ತಿ ಒಳಗೆ ಒತ್ತದೆ ಬಿಟ್ಟರಂತೂ ಬಾಗಿಲೇ ತೆರೆದಂತೆ. 30 ಮೀಟರ್ ವಾಚಿನಲ್ಲಿ ಈ ಸವಕಳಿಗೆ ಬಿಟ್ಟುಕೊಡುವಷ್ಟು ಮಿಗತೆ ಇಲ್ಲ, 100 ಮೀಟರಿನದರಲ್ಲಿ ಇದೆ. ವ್ಯತ್ಯಾಸ ಇಷ್ಟೇ ಎಂದು ಹೊಳೆದಾಗ ನಿಜಕ್ಕೂ ಖುಷಿಯಾಯಿತು.

ಇನ್ನೂ ಒಂದು ಮೆಟ್ಟಿಲಿದೆ, ಅದನ್ನು ಯಾರೂ ಹೇಳಿರಲಿಲ್ಲ. ಸೆಲ್ಲಿನ ವಾಚನ್ನು ಎರಡು ಮೂರು ವರ್ಷಕ್ಕೊಮ್ಮೆ ಬಿಚ್ಚಲೇಬೇಕು. ಬಿಚ್ಚಿದವರು ಉಂಗುರವನ್ನು ನೆಟ್ಟಗೆ ಕೂರಿಸದಿದ್ದರೆ ಬೆನ್ನ ಮೇಲಿನ 30ಕ್ಕೆ ಅರ್ಥವಿಲ್ಲ. ನನ್ನ ಹಿಂದಿನ ವಾಚು ಹೀಗೇ ಹೋಯಿತು. ಸೆಲ್ ಹಾಕಿಸಿ ಒಂದು ತಿಂಗಳು ಆಗಿರಲಿಲ್ಲ, ಜುಲೈ ಮಳೆಯಲ್ಲಿ ಗಾಜಿನ ಒಳಗೆ ಮಂಜು ಹಿಡಿಯಿತು, ಆಮೇಲೆ ಮುಳ್ಳಿಗೆ ತುಕ್ಕು. ಆಗ ಕಂಪನಿಯನ್ನು ಬೈದೆ. ಈಗ ಅನಿಸುತ್ತದೆ, ಉಂಗುರವನ್ನು ಒಮ್ಮೆ ನೋಡಿ ಎಂದು ಕೇಳಬೇಕಿತ್ತು. ಕೇಳುವ ಮಾತು ಸುಲಭ: "ಅಣ್ಣಾ, ಸೆಲ್ ಹಾಕುವಾಗ ಗ್ಯಾಸ್ಕೆಟ್ ಸರಿಯಾಗಿದೆಯಾ ನೋಡಿ, ಸೀಳಿದ್ದರೆ ಬದಲಾಯಿಸಿ."

ನಾನು ಇಟ್ಟುಕೊಂಡ ಲೆಕ್ಕ: 30 ಆದರೆ ಕೈ ತೊಳೆಯಲು, ಸಣ್ಣ ಮಳೆಗೆ. ಈಜುವವರು 100 ನೋಡಲಿ. ಬಿಸಿನೀರ ಸ್ನಾನಕ್ಕೆ ಯಾವುದನ್ನೂ ಕಟ್ಟಿಕೊಳ್ಳುವುದು ಬೇಡ.

ಅಳತೆ, ಗಾಜು, ಬೆಲ್ಟು

ಡಯಲಿನ ಅಗಲ ಮಾತ್ರ ನೋಡಬೇಡಿ. ಬೆಲ್ಟು ಸಿಕ್ಕಿಸುವ ಮೇಲಿನ ಕೊಂಬಿನ ತುದಿಯಿಂದ ಕೆಳಗಿನ ಕೊಂಬಿನ ತುದಿಯವರೆಗೆ ಅಳೆಯಿರಿ. ಅದು ಮಣಿಕಟ್ಟಿನ ಚಪ್ಪಟೆ ಭಾಗ ದಾಟಬಾರದು. ನನ್ನದು 52 ಮಿಲಿಮೀಟರ್, ಸ್ಕೇಲ್ ಇಟ್ಟು ಎರಡು ನಿಮಿಷದಲ್ಲಿ ಗೊತ್ತಾಯಿತು. ಕ್ಲಾಸಿಕ್ ನೋಟಕ್ಕೆ 36ರಿಂದ 38 ಅಗಲ ನನಗೆ ಹಿಡಿಸಿತು.

ಅಕ್ರಿಲಿಕ್ ಗಾಜಿಗೆ ಗೀರು ಬೇಗ ಬೀಳುತ್ತದೆ, ಆದರೆ ಪಾಲಿಶ್ ಹಾಕಿ ತೆಗೆಯಬಹುದು. ಮಿನರಲ್ ಗಾಜಿನ ಗೀರು ಹಾಗೆ ಹೋಗುವುದಿಲ್ಲ.

ಚರ್ಮದ ಬೆಲ್ಟು ನಮ್ಮ ಬೇಸಿಗೆಯ ಬೆವರಿಗೆ ಎರಡು ವರ್ಷ ಬಾಳಿದರೆ ಹೆಚ್ಚು. ಅದಕ್ಕೇ ಕೊಂಬುಗಳ ನಡುವಿನ ಜಾಗ 18 ಅಥವಾ 20 ಮಿಲಿಮೀಟರ್ ಇರುವುದನ್ನೇ ಆರಿಸಿ, ಆ ಅಳತೆಯ ಬೆಲ್ಟು ಯಾವ ಊರಿನ ವಾಚಂಗಡಿಯಲ್ಲೂ ಸಿಗುತ್ತದೆ. 19ರದ್ದು ಒಂದು ಬಹಳ ಚೆಂದವಿತ್ತು, ಈ ಒಂದೇ ಕಾರಣಕ್ಕೆ ಬಿಟ್ಟುಬಂದೆ.