ಒಳ್ಳೆಯ ಸಂವಿಧಾನ ಇದ್ದಮೇಲೆ ಪ್ರಜೆಗಳ ನಡತೆಯ ಮಾತೇಕೆ?

ಪ್ರಶ್ನೆ: ಸ್ವಾತಂತ್ರ್ಯ ಕಾಯಲು ಸಂವಿಧಾನವಿದೆ, ನ್ಯಾಯಾಲಯವಿದೆ, ಚುನಾವಣೆಯಿದೆ. ಹಾಗಿದ್ದೂ ಪ್ರಜೆಗಳ ಗುಣ ಕೆಟ್ಟರೆ ಸ್ವಾತಂತ್ರ್ಯವೂ ಕೆಡುತ್ತದೆ ಎನ್ನುತ್ತಾರಲ್ಲ, ಇದು ಬರೀ ಉಪದೇಶವಲ್ಲವೇ?

ಉತ್ತರ: ಎಷ್ಟೋ ಸಲ ಬರೀ ಉಪದೇಶವೇ. ಆದರೂ ಮಾತಿನಲ್ಲಿ ಹುರುಳಿದೆ. ಜರ್ಮನಿಯ 1919ರ ವೈಮಾರ್ ಸಂವಿಧಾನ ಆ ಕಾಲಕ್ಕೆ ಬಹಳ ಉದಾರವಾದದ್ದು. ಹೆಂಗಸರಿಗೂ ಮತವಿತ್ತು, ವಾಕ್ ಸ್ವಾತಂತ್ರ್ಯವಿತ್ತು. 1933ರ ಫೆಬ್ರವರಿ ಕೊನೆಯಲ್ಲಿ ಸಂಸತ್ ಭವನಕ್ಕೆ ಬೆಂಕಿ ಬಿತ್ತು. ಮರುದಿನವೇ ತುರ್ತು ಆಜ್ಞೆ ಹೊರಟು ಈ ಹಕ್ಕುಗಳು ಅಮಾನತಾದವು. ಕಮ್ಯುನಿಸ್ಟರನ್ನು ಹಿಡಿದು ಒಳಗೆ ಹಾಕಿದಾಗ, ಅವರನ್ನು ಕಂಡರಾಗದ ಅನೇಕರು ಸುಮ್ಮನಿದ್ದರು. ಮಾರ್ಚ್ 23ರಂದು ಸಂಸತ್ತು, ತನ್ನನ್ನು ಕೇಳದೆಯೇ ಕಾನೂನು ಮಾಡುವ ಅಧಿಕಾರವನ್ನು ಹಿಟ್ಲರನ ಸರ್ಕಾರಕ್ಕೆ ಮತ ಹಾಕಿಯೇ ಒಪ್ಪಿಸಿತು. ಪರವಾಗಿ 444, ವಿರುದ್ಧ 94. ವಿರೋಧಿಸಿದವರೆಲ್ಲರೂ ಸೋಷಿಯಲ್ ಡೆಮಾಕ್ರಟರು, ಅದೂ ಸಮವಸ್ತ್ರದ ನಾಜಿ ಪಡೆ ಸಭಾಂಗಣದಲ್ಲೇ ನಿಂತಿದ್ದಾಗ. ಸಂವಿಧಾನವನ್ನು ವಿಧಿವತ್ತಾಗಿ ಯಾರೂ ರದ್ದು ಮಾಡಲಿಲ್ಲ. ಕಾಗದದ ಮೇಲೆ ಅದು ಹಾಗೇ ಇತ್ತು. (ಅಧ್ಯಕ್ಷರಿಗೆ ವಿಪರೀತ ತುರ್ತು ಅಧಿಕಾರ ಕೊಟ್ಟಿದ್ದ ಅದರ 48ನೇ ವಿಧಿಯೂ ಕಾರಣವೇ. ಎಲ್ಲವನ್ನೂ ಜನರ ತಲೆಗೆ ಕಟ್ಟಲಾಗದು.)

ಹಾಗಾದರೆ ಬೇಕಾದ ಗುಣ ಯಾವುದು? ಕುಡಿಯದವನು, ಸಾಲ ಉಳಿಸಿಕೊಳ್ಳದವನು, ದಿನವೂ ಪ್ರಾರ್ಥಿಸುವವನು ಕೂಡ ಸರ್ವಾಧಿಕಾರಿಗೆ ಚಪ್ಪಾಳೆ ತಟ್ಟಬಲ್ಲ. ನನ್ನ ಲೆಕ್ಕದಲ್ಲಿ ಇಲ್ಲಿ ಬೇಕಾದ್ದು ಬೇರೆಯೇ: ತನಗಾಗದವನ ಹಕ್ಕಿಗೆ ಕುತ್ತು ಬಂದಾಗಲೂ ಬಾಯಿ ಬಿಡುವುದು, ತನ್ನ ಪಕ್ಷ ನಿಯಮ ಮುರಿದರೆ ಅದನ್ನು ತಪ್ಪೆನ್ನುವುದು. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ಎಚ್ಚರಿಸಿದ್ದೂ ಇದರ ಬಗ್ಗೆಯೇ. ಧರ್ಮದಲ್ಲಿ ಭಕ್ತಿ ಮುಕ್ತಿಗೆ ದಾರಿಯಾಗಬಹುದು, ರಾಜಕೀಯದಲ್ಲಿ ಭಕ್ತಿ, ಅಂದರೆ ವ್ಯಕ್ತಿಪೂಜೆ, ಅವನತಿಗೆ, ಕೊನೆಗೆ ಸರ್ವಾಧಿಕಾರಕ್ಕೆ ದಾರಿ ಎಂದರು ಅವರು.

ಹಾಗೆಂದು ಗುಣ ತಿದ್ದುವ ಕೆಲಸವನ್ನು ಸರ್ಕಾರದ ಕೈಗೆ ಕೊಡುವುದು ಇನ್ನೂ ಅಪಾಯ. 1794ರ ಫೆಬ್ರವರಿಯಲ್ಲಿ ಫ್ರಾನ್ಸಿನ ಕ್ರಾಂತಿಯ ನಾಯಕ ರೋಬೆಸ್ಪಿಯರ್, ಭಯದ ಬಲವಿಲ್ಲದ ಸದ್ಗುಣ ನಿಶ್ಶಕ್ತ ಎಂದು ಭಾಷಣ ಮಾಡಿದ. ತಲೆ ಕಡಿಯುವ ಯಂತ್ರ ಗಿಲೊಟಿನ್ ಆಗಲೇ ಕೆಲಸ ಮಾಡುತ್ತಿತ್ತು. ಜುಲೈನಲ್ಲಿ ಅವನ ತಲೆಯೂ ಅದಕ್ಕೇ ಹೋಯಿತು.

ಮತ್ತೆ ಈ ಗುಣ ಬರುವುದೆಲ್ಲಿಂದ? ಅಮೆರಿಕ ಸುತ್ತಿ ಬಂದ ಫ್ರೆಂಚ್ ಚಿಂತಕ ಟೋಕ್ವಿಲ್ 1835ರಲ್ಲಿ ಊರಿನ ಸ್ಥಳೀಯ ಸಭೆಗಳತ್ತ ಬೆರಳು ತೋರಿಸಿದ. ವಿದ್ಯೆಗೆ ಪ್ರಾಥಮಿಕ ಶಾಲೆ ಹೇಗೋ, ಸ್ವಾತಂತ್ರ್ಯಕ್ಕೆ ಅವು ಹಾಗೆ ಎಂಬುದು ಅವನ ಮಾತು. ಸಂಘದ್ದೋ ಊರಿನದೋ ಸಭೆಯಲ್ಲಿ ಮತಕ್ಕೆ ಹಾಕಿ ಸೋತವನು ಮುನಿಸಿಕೊಳ್ಳದೆ ಮುಂದಿನ ಸಭೆಗೂ ಬರುತ್ತಾನಲ್ಲ, ಆ ಅಭ್ಯಾಸ ಪುಸ್ತಕ ಓದಿ ಬರುವಂಥದ್ದಲ್ಲ.